ಲೇಬರ್ ಅಂದರೆ ಗೊತ್ತು

ಶ್ರೀನಿವಾಸಪುರ,
೨–೫–೧೯೩೮

ಯಜಮಾನರಿಗೆ ಕೊಂಡಮ್ಮ ಬರೆಯುವುದು.

ಊರು ಸೇರಿದೆ, ಚಿಂತೆ ಬೇಡ. ಬೌರಿಂಗ್‌ಪೇಟೆಯಲ್ಲಿ ನನ್ನನ್ನು ಚಿಕ್ಕ ರೈಲಿಗೆ ಹತ್ತಿಸಿ ಕಿಟಕಿ ಪಕ್ಕ ನಿಂತಿದ್ದಿರಲ್ಲ, ಗಾಡಿ ಹೊರಟ ಮೇಲೂ ಹಾಗೇ ನಿಂತಿದ್ದಿರಿ. ಎದುರಿಗೆ ಕೂತಿದ್ದ ಹೆಂಗಸು "ಚೊಚ್ಚಲಾ?" ಅಂತ ಕೇಳಿದಳು. ನನ್ನ ಹೊಟ್ಟೆ ನೋಡಿ ಕೇಳಿದಳೋ ನಿಮ್ಮ ಮುಖ ನೋಡಿ ಕೇಳಿದಳೋ ಗೊತ್ತಾಗಲಿಲ್ಲ.

ಇಲ್ಲಿ ಅಮ್ಮ ನನ್ನನ್ನು ನೀರಿನ ಬಿಂದಿಗೆ ಮುಟ್ಟೋಕೂ ಬಿಡಲ್ಲ. ಎದ್ದರೆ ಸಾಕು, "ಕೂರ್ಚೋ ತಲ್ಲೀ, ಕೂರ್ಚೋ" ಅಂತ ತೆಲುಗಿನಲ್ಲಿ ಗದರಿಸಿ ಕೂರಿಸ್ತಾಳೆ. ನಿಮ್ಮ ಹೆಂಚಿನ ಕಾರ್ಖಾನೆಯಲ್ಲಿ ಮದುವೆಯಾದಾಗಿನಿಂದ ಮಣ್ಣು ಹೊತ್ತ ತಲೆ ಇದು. ಈಗ ಇದಕ್ಕೆ ಬರೀ ಹರಳೆಣ್ಣೆ ಒತ್ತುತ್ತಾರೆ. ಇನ್ನೂ ಒಂದೂವರೆ ತಿಂಗಳು ಇದೆ ಅಂತ ಸೂಲಗಿತ್ತಿ ಮುನಿಯಲ್ಲಮ್ಮ ಹೊಟ್ಟೆ ಮುಟ್ಟಿ ನೋಡಿ ಹೇಳಿದಳು. ಅಲ್ಲೀತನಕ ಗೋಡೆ ನೋಡ್ತಾ ಕೂತರೆ ನನಗೆ ಹುಚ್ಚು ಹಿಡಿಯುತ್ತೆ.

ತೋಪಿನಲ್ಲಿ ಮಾವಿನಕಾಯಿ ಇಳಿಸೋ ಕೆಲಸ ಶುರುವಾಗಿದೆ. ಸ್ಕೂಲಿಗೆ ರಜ, ಹಾಗಾಗಿ ಅಣ್ಣ ದಿನವೆಲ್ಲ ಅಲ್ಲೇ. ಅಪ್ಪ ಹೋದ ಮೇಲೆ ಅವನೊಬ್ಬನೇ ಮೇಷ್ಟ್ರೂ ಆಗಬೇಕು, ರೈತನೂ ಆಗಬೇಕು. "ಬಾವನವರಿಗೆ ಬರಿ, ಆ ಬೆಂಕಿ ಕೆಲಸ ಬಿಟ್ಟು ಇಲ್ಲಿಗೇ ಬಂದುಬಿಡಲಿ, ತೋಪು ನೋಡ್ಕೊಂಡು ಇರಲಿ" ಅಂದ. ನೀವು ಏನಂತೀರೋ ನನಗೆ ಗೊತ್ತು. ಆದರೂ ಬರೆದಿದ್ದೀನಿ.

ನಿನ್ನೆ ಅಮ್ಮ ಒರಗಿದ್ದಾಗ ತೋಪಿಗೆ ಹೋಗಿ ಕೂಲಿ ಹೆಂಗಸರ ಜೊತೆ ಉದುರುಕಾಯಿ ಆರಿಸಿ ಕುಕ್ಕೆಗೆ ತುಂಬಿದೆ. ಎಷ್ಟು ದಿನದ ಮೇಲೆ ಬೆನ್ನು ಬಗ್ಗಿತು! ಒಳ್ಳೆ ನಿದ್ದೆ ಬಂತು. ನಿಮ್ಮ ಮಗನೂ ಒದೆಯದೆ ಸುಮ್ಮನಿದ್ದ.

ಮುದ್ದೆ ಗಂಟಾದರೆ ಪಕ್ಕದ ಮನೆ ಮುನ್ನೀ ಬೀಗೆ ಹೇಳಿ. ನಾಚಿಕೊಂಡು ಉಪವಾಸ ಬೀಳಬೇಡಿ.

ನಿಮ್ಮ
ಕೊಂಡಮ್ಮ


ಮಾಲೂರು,
೭–೫–೧೯೩೮

ಕೊಂಡಮ್ಮನಿಗೆ,

ಕಾಗದ ಬಂತು. ಮುದ್ದೆ ಗಂಟಾಗ್ತಿದೆ, ಆದರೂ ಇಳೀತಿದೆ. ಸಾರು ಪಕ್ಕದ ರಹಮತ್ತುಲ್ಲಾ ಮನೆಯಿಂದ ಬರುತ್ತೆ. ಮುನ್ನೀ ಬೀ ದಿನಾ ನಿನ್ನನ್ನು ವಿಚಾರಿಸ್ತಾರೆ.

ನೀನು ತೋಪಿಗೆ ಹೋಗಿದ್ದು ಓದಿ ನನಗೆ ಸಂತೋಷವಾಗಲಿಲ್ಲ. ನಮ್ಮ ಮ್ಯಾನೇಜರು ಬೆಳಗಾದರೆ ಗೇಟಿನಲ್ಲಿ ನಿಂತು "ಲೇಬರ್ ಬಂತಾ, ಲೇಬರ್ ಬಂತಾ" ಅಂತ ಕೂಗೋದು ನೀನೂ ಕೇಳಿದ್ದೀಯ. ಜನ ಬಂದರಾ ಅನ್ನಲ್ಲ. ಮಣ್ಣು ಬಂತಾ, ಸೌದೆ ಬಂತಾ, ಲೇಬರ್ ಬಂತಾ, ಅವರಿಗೆ ಎಲ್ಲ ಒಂದೇ. ಆ ಲೇಬರಿನಲ್ಲಿ ನೀನೂ ಒಬ್ಬಳಾಗಿ ಮಂಕರಿ ಹೊತ್ತು ನನ್ನ ಕಣ್ಣೆದುರಿಗೆ ಓಡಾಡ್ತಿದ್ದೆ. ನಾನು ಮೇಸ್ತ್ರಿ. ಬೇರೆಯವರಿಗೆ ಹೇಳಿದ ಹಾಗೆ ನಿನಗೂ "ಬೇಗ, ಬೇಗ" ಅನ್ನಬೇಕಿತ್ತು. ಅಂದು ಮುಖ ಬೇರೆ ಕಡೆ ತಿರುಗಿಸ್ತಿದ್ದೆ. ನೀನು ಬಸುರಿ ಅಂತ ಗೊತ್ತಾದ ದಿನವೇ ಕೆಲಸ ಬಿಡಿಸಿದೆ. ಅವತ್ತು ನನಗೆ ಎಷ್ಟು ಸಮಾಧಾನವಾಯಿತು ಅನ್ನೋದನ್ನು ನಿನಗೆ ಹೇಳಿರಲಿಲ್ಲ, ಈಗ ಹೇಳ್ತಿದ್ದೀನಿ.

ಅಲ್ಲಿ ಹೋಗಿ ಮತ್ತೆ ಕೂಲಿಯವರ ಜೊತೆ ಬಗ್ಗಿದರೆ ನಾನು ಬಿಡಿಸಿದ್ದು ಯಾತಕ್ಕೆ? ನಿಮ್ಮಣ್ಣ ನೋಡ್ಕೊಂಡು ಸುಮ್ಮನಿದ್ದರಾ? ತಂಗಿಯನ್ನು ಕೆಲಸಕ್ಕೆ ಹಾಕಿ ಬಾವನನ್ನು ಮನೆ ಅಳಿಯನನ್ನಾಗಿ ಕರೆಸಿಕೊಳ್ಳೋ ಯೋಚನೆಯಿದ್ದರೆ ಅದು ನಡೆಯಲ್ಲ ಅಂತ ಹೇಳು. ನನ್ನ ಅನ್ನ ಈ ಹೆಂಚು ಸುಡೋ ಗೂಡಿನ ಬೆಂಕಿಯಲ್ಲಿ ಬೇಯುತ್ತೆ. ಇನ್ನೊಂದು ಸಲ ನೀನು ಕೂಲಿಗೆ ಇಳಿದೆ ಅಂತ ಕಿವಿಗೆ ಬಿದ್ದರೆ ಆ ಊರಿನ ಕಡೆ ತಲೆ ಹಾಕಲ್ಲ. ಆಟಕ್ಕೆ ಹೇಳ್ತಿಲ್ಲ ಕಣೇ.

ಹೊಟ್ಟೆಯೊಳಗಿನ ಸುದ್ದಿ ಬರಿ.

ಮುನಿನಾರಾಯಣಪ್ಪ


ಶ್ರೀನಿವಾಸಪುರ,
೧೩–೫–೧೯೩೮

ಯಜಮಾನರಿಗೆ,

ನಿಮ್ಮ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ಅದು ನಮ್ಮಪ್ಪ ನೆಟ್ಟ ಮರ. ಗುಣಿ ತೋಡಿ ಗಿಡ ಇಡುವಾಗ ನೀರು ಹೊತ್ತವಳು ನಾನು. ಅಪ್ಪನ ಮರದ ಕೆಳಗೆ ಬಗ್ಗಿದರೆ ಅದು ಕೂಲಿ ಹೇಗಾಗುತ್ತೆ? ನಿಮಗೆ ಬಗ್ಗಿದ ಬೆನ್ನು ಕಂಡರೆ ಸಾಕು, ಲೇಬರ್. ಅಣ್ಣ ನನ್ನನ್ನು ಯಾವ ಕೆಲಸಕ್ಕೂ ಹಾಕಿಲ್ಲ. ನಾನು ಹೋಗಿದ್ದು ಗೊತ್ತಾಗಿ ಅವನೂ ರೇಗಿದ. ನೀವೂ ರೇಗಿದಿರಿ. ಒಳಗಿರುವ ಒಬ್ಬನೇ ಇನ್ನೂ ರೇಗಿಲ್ಲ.

ಹೋಗಲ್ಲ ಅಂತ ಮಾತು ಕೊಡಲ್ಲ. ಕೊಟ್ಟು ಮುರಿಯೋದಕ್ಕಿಂತ ಕೊಡದೇ ಇರೋದು ಮೇಲು. ಮಗು ಚೆನ್ನಾಗಿ ಒದೀತಿದೆ, ಊಟಕ್ಕೆ ಕೂತಾಗ ಜಾಸ್ತಿ. ಮುಂದಿನ ತಿಂಗಳು ರಜ ಕೇಳಿಟ್ಟುಕೊಳ್ಳಿ. ಆ ಹೊತ್ತಿಗೆ ನೀವು ಹೊರಗಡೆ ಜಗಲಿ ಮೇಲೆ ಕೂತಿದ್ದರೆ ಸಾಕು ನನಗೆ. ಬೇರೇನೂ ಬೇಡ.

ಸಿಟ್ಟು ಇಳಿಸಿಕೊಂಡು ಬರೀರಿ.

ನಿಮ್ಮ
ಕೊಂಡಮ್ಮ


ತಂತಿ
ಕೋಲಾರ, ೨೧–೫–೧೯೩೮

ಮುನಿನಾರಾಯಣಪ್ಪ, ಮೇಸ್ತ್ರಿ, ಹೆಂಚಿನ ಕಾರ್ಖಾನೆ, ಮಾಲೂರು.

ಕೊಂಡಮ್ಮ ಇನ್ ಲೇಬರ್. ಕಮ್ ಅಟ್ ಒನ್ಸ್.

ಅಶ್ವತ್ಥಪ್ಪ


ಮಾಲೂರು,
೨೨–೫–೧೯೩೮

ಬಾವನವರಾದ ಅಶ್ವತ್ಥಪ್ಪನವರಿಗೆ,

ನಿಮ್ಮ ತಂತಿ ತಲುಪಿತು. ಇಂಗ್ಲಿಷಿನಲ್ಲಿ ಹೇಳಿದರೆ ಈ ಹೆಂಚಿನ ಮೇಸ್ತ್ರಿಗೆ ತಿಳಿಯಲ್ಲ ಅಂದುಕೊಂಡಿರಾ? ಲೇಬರ್ ಅಂದರೆ ನನಗೆ ಗೊತ್ತು. ದಿನ ಬೆಳಗಾದರೆ ಕೇಳೋ ಮಾತು.

ಬಸುರಿ ಹೆಂಗಸನ್ನು ಕೂಲಿಗೆ ಇಳಿಸಿದ್ದೂ ಅಲ್ಲದೆ, ಬಂದು ನೋಡು ಅಂತ ತಂತಿ ಬೇರೆ ಕೊಡ್ತೀರಿ. ಕೂಲಿಗೆ ಇಳಿದರೆ ಆ ಕಡೆ ತಲೆ ಹಾಕಲ್ಲ ಅಂತ ನಾನು ಬರೆದಿದ್ದನ್ನು ಅವಳು ನಿಮಗೆ ತೋರಿಸಿರಬೇಕು. ನನ್ನ ಮಾತು ಎಷ್ಟು ಗಟ್ಟಿ ಅಂತ ಪರೀಕ್ಷೆ ಮಾಡೋಕೆ ಕೊಟ್ಟ ತಂತಿಯೇನೋ. ಸರಿ, ನೋಡಿಕೊಳ್ಳಿ. ಕೂಲಿ ಮಾಡೋಳು ಮಾಡಲಿ. ನಾನು ಬರಲ್ಲ. ಅವಳಿಗೆ ನನಗಿಂತ ತೋಪು ಹೆಚ್ಚಾದರೆ ತೋಪಿನಲ್ಲೇ ಇರಲಿ ಅಂತ ಹೇಳಿ.

ಮುನಿನಾರಾಯಣಪ್ಪ


ಶ್ರೀನಿವಾಸಪುರ,
೩೦–೫–೧೯೩೮

ಮುನಿನಾರಾಯಣಪ್ಪನವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಬಾರದು ಅಂತಿದ್ದೆ. ಅಮ್ಮ ಬಿಡಲಿಲ್ಲ. "ಅದು ಅವರ ಮಗು ಕೂಡ ಕಣೋ, ಹೇಳಬೇಕಾದ್ದು ಹೇಳಿಬಿಡು" ಅಂದಳು.

ಇಪ್ಪತ್ತನೇ ತಾರೀಖು ಕೊಂಡಮ್ಮನಿಗೆ ಅಕಾಲದಲ್ಲಿ ನೋವು ಕಾಣಿಸಿಕೊಂಡಿತು. ಮುನಿಯಲ್ಲಮ್ಮ ನೋಡಿ, ಮಗು ಅಡ್ಡ ತಿರುಗಿದೆ, ನನ್ನ ಕೈಯಲ್ಲಿ ಆಗಲ್ಲ ಅಂದಳು. ಮಾರನೇ ದಿನ ಮೊದಲನೇ ಬಸ್ಸಿಗೆ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವಳು ದಾರಿಯುದ್ದಕ್ಕೂ ಅಮ್ಮನ ಮಣಿಕಟ್ಟು ಹಿಡಿದಿದ್ದಳು. ಇವತ್ತಿಗೂ ಅಮ್ಮನ ಕೈಯಲ್ಲಿ ಉಗುರಿನ ಗುರುತಿದೆ. ಆಸ್ಪತ್ರೆಗೆ ಸೇರಿಸಿದ ಕೂಡಲೇ ನಾನು ಓಡಿ ಹೋಗಿ ನಿಮಗೆ ತಂತಿ ಕೊಟ್ಟೆ. ಸಂಜೆಯ ಗಾಡಿಗೆ ಬರುತ್ತೀರಿ ಅಂತ ಸ್ಟೇಷನ್ನಿನಲ್ಲಿ ಕಾದೆ. ಮಾರನೇ ದಿನವೂ ಕಾದೆ.

ಆ ಎರಡನೇ ದಿನ ಸಂಜೆ ಮಗು ಆಯಿತು. ಹೆಣ್ಣು. ತೀರಾ ಸಣ್ಣದು. ಲೇಡಿ ಡಾಕ್ಟರು ಅದನ್ನು ಹತ್ತಿಯಲ್ಲಿ ಸುತ್ತಿ, ಪಕ್ಕದಲ್ಲಿ ಬಿಸಿನೀರಿನ ಸೀಸೆಗಳನ್ನಿಟ್ಟು ಎಷ್ಟು ಮಾಡಬೇಕೋ ಅಷ್ಟೂ ಮಾಡಿದರು. ಇನ್ನೊಂದು ಹಗಲು ಪೂರ್ತಿ ಉಸಿರಾಡಿತು. ಅದರ ಮಾರನೆಯ ಬೆಳಿಗ್ಗೆ ನಿಂತುಹೋಯಿತು. ಊರಾಚೆ ನಾನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದೆ. ತಂದೆ ಮಾಡಬೇಕಾದ ಕೆಲಸ. ಸೋದರಮಾವ ಮಾಡಿದೆ.

ಮೊನ್ನೆ ಕೊಂಡಮ್ಮನನ್ನು ಮನೆಗೆ ಕರೆತಂದೆವು. ಬೀಗ ತೆಗೆದಾಗ ನಿಮ್ಮ ಕಾಗದ ಹೊಸ್ತಿಲ ಒಳಗೆ ಬಿದ್ದಿತ್ತು. ಬಗ್ಗಬಾರದು ಅಂದರೂ ಕೇಳದೆ ಅವಳೇ ಬಗ್ಗಿ ತೆಗೆದುಕೊಂಡಳು. "ಅವರು ಬರಲಿಲ್ಲ, ಕಾಗದವಾದರೂ ಬಂತಲ್ಲಣ್ಣ" ಅಂದಳು. ನನ್ನ ಹೆಸರಿಗೆ ಬಂದದ್ದು ಅನ್ನೋದನ್ನೂ ನೋಡದೆ ನಿಂತಲ್ಲೇ ಓದಿದಳು. ಓದಿ ನನ್ನ ಕೈಗಿಟ್ಟು ಒಳಗೆ ಹೋದಳು.

ಕೂಲಿ ಕೂಲಿ ಅಂತ ಅದೇನು ಬರೆದಿದ್ದೀರೋ ನನಗೆ ತಿಳಿಯಲಿಲ್ಲ. ಹೆಂಡತಿ ಹೆರಿಗೆ ನೋವು ತಿನ್ನುತ್ತಿದ್ದಾಳೆ, ಕೂಡಲೇ ಬನ್ನಿ ಅಂತ ತಂತಿ ಕೊಟ್ಟರೆ, ಕೂಲಿ ಮಾಡಲಿ ಅಂತ ಬರೆಯೋ ಗಂಡಸನ್ನು ನಾನು ನೋಡಿರಲಿಲ್ಲ.

ಅಶ್ವತ್ಥಪ್ಪ


ಮಾಲೂರು,
೯–೬–೧೯೩೮

ಬಾವನವರಿಗೆ,

ನಿಮ್ಮ ಕಾಗದ ಓದಿ ಹೋದ ವಾರ ನಾನು ಮನೆ ಬಾಗಿಲಿಗೆ ಬಂದಾಗ ನೀವು ನನ್ನನ್ನು ಬೈಯಬಹುದಿತ್ತು. ಬೈಯದೆ ನೀರು ಕೊಟ್ಟಿರಿ. ಅದನ್ನು ಕುಡಿಯೋಕೆ ಆಗಲಿಲ್ಲ, ಮನ್ನಿಸಿ. ಕೊಂಡಮ್ಮ ಕೋಣೆಯಿಂದ ಆಚೆ ಬರಲಿಲ್ಲ. ನಾನು ಬಾಗಿಲ ಹತ್ತಿರ ನಿಂತು ಕರೆದೆ. ಒಳಗೆ ಬಳೆ ಸದ್ದಾಯಿತು, ಅಷ್ಟೇ. ನಿಮ್ಮ ಅಮ್ಮ "ಇಪ್ಪುಡು ವದ್ದು ನಾಯನಾ" ಅಂದರು. ಈಗ ಬೇಡ ಅಂದರೆ ಯಾವಾಗ ಅಂತ ಕೇಳೋ ಮುಖ ನನಗಿರಲಿಲ್ಲ.

ಆ ದಿನ ಎದುರೆದುರಿಗೆ ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೆ ಬರೀತಿದ್ದೀನಿ. ತಂತಿಯವನು ಸೈಕಲ್ ಇಳಿದಾಗ ನಾನು ಗೂಡಿನ ಮುಂದಿದ್ದೆ. ತಂತಿ ಅಂದ ಕೂಡಲೇ ಹೆದರಿದೆ. ನಮಗೆಲ್ಲ ತಂತಿ ಬರೋದು ಒಂದೇ ಕಾರಣಕ್ಕೆ. ಇಂಗ್ಲಿಷು ಓದೋಕೆ ಬರಲ್ಲ, ಒಡೆಯದೆ ಆಫೀಸಿನ ಗುಮಾಸ್ತರಿಗೆ ಕೊಟ್ಟೆ. ಅವರು ಓದಿದರು: "ಕೊಂಡಮ್ಮ ಇನ್ ಲೇಬರ್." ಲೇಬರ್ ಅನ್ನೋ ಮಾತು ಕೇಳಿದಾಗ ಮೊದಲು ಪ್ರಾಣ ಬಂತು, ಬಾವ. ಸದ್ಯ ಬದುಕಿದ್ದಾಳೆ, ಕೆಲಸ ಮಾಡೋ ಅಷ್ಟು ಗಟ್ಟಿಯಾಗಿದ್ದಾಳೆ ಅಂತ. ಆಮೇಲೆ ಸಿಟ್ಟು ಬಂತು. ಹೆದರಿಕೆ ಇಳಿದ ಜಾಗಕ್ಕೇ ಸಿಟ್ಟು ಬಂದು ಕೂತಿತು. ಗುಮಾಸ್ತರು "ಅಲ್ಲ ಮೇಸ್ತ್ರಿ, ಇದಕ್ಕೆ..." ಅಂತ ಏನೋ ಹೇಳೋಕೆ ಬಂದರು. ನಾನು ಕೈ ಅಡ್ಡ ಮಾಡಿ, "ಲೇಬರ್ ಅಂದರೆ ಗೊತ್ತು ಬಿಡಿ ಸ್ವಾಮಿ" ಅಂದೆ. ಎಲ್ಲರ ಎದುರಿಗೆ ಅಂದೆ.

ಗೂಡಿಗೆ ಬೆಂಕಿ ನೋಡಿಕೊಳ್ಳೋ ರಹಮತ್ತುಲ್ಲಾ ಕೂಡ ಹೇಳಿದ: "ಏನೇ ಬರೆದಿರಲಿ ಭಾಯ್, ತಂತಿ ಬಂದೈತೆ, ಹೋಗಿ ಬಾ." ನಾನು ಹೋಗಲಿಲ್ಲ. ಹೆರಿಗೆಗೆ ಇನ್ನೂ ತಿಂಗಳಿದೆ ಅಂತ ತಲೆಯಲ್ಲಿತ್ತು. ತಂತಿ ಕೋಲಾರದಿಂದ ಬಂದಿದೆ ಅನ್ನೋದನ್ನೂ ಕೇಳಿಕೊಳ್ಳಲಿಲ್ಲ. ನಿಮ್ಮ ಕಾಗದ ಬಂದ ಮೇಲೆ ಗುಮಾಸ್ತರ ಮುಂದೆ ಹೋಗಿ ನಿಂತೆ. ಅವರು ತಲೆ ತಗ್ಗಿಸಿ, "ನೀನು ಹೇಳೋಕೆ ಬಿಡಲಿಲ್ಲವಲ್ಲಪ್ಪ" ಅಂದರು.

ಒಂದು ಮಾತು ಕೇಳ್ತೀನಿ. ಸೀರಿಯಸ್ ಅಂತ ಯಾಕೆ ಹಾಕಲಿಲ್ಲ? ಆ ಒಂದು ಮಾತು ದನ ಕಾಯೋನಿಗೂ ಗೊತ್ತು. ಹಾಕಿದ್ದರೆ ಓಡಿ ಬರ್ತಿದ್ದೆ. ತಪ್ಪು ನಿಮ್ಮ ಮೇಲೆ ಹೊರಿಸ್ತಿಲ್ಲ. ಕೇಳದೇ ಇದ್ದರೆ ಅದು ಒಳಗೇ ಕೊರೀತಿರುತ್ತೆ, ಅದಕ್ಕೆ ಕೇಳಿದೆ.

ನಿಮ್ಮ
ಮುನಿನಾರಾಯಣಪ್ಪ


ಶ್ರೀನಿವಾಸಪುರ,
೨೭–೬–೧೯೩೮

ಬಾವನವರಿಗೆ ಅಶ್ವತ್ಥಪ್ಪನ ನಮಸ್ಕಾರ.

ನಿಮ್ಮ ಕಾಗದ ಓದಿದೆ. ನಿಮ್ಮ ಮೇಲೆ ಕಟ್ಟಿಕೊಂಡಿದ್ದ ಕೋಪ ಒಂದೇ ಸಲಕ್ಕೆ ಕುಸಿದುಬಿತ್ತು. ಅದರ ಅಡಿಯಲ್ಲಿ ನಾನೇ ಸಿಕ್ಕಿಕೊಂಡೆ.

ಸೀರಿಯಸ್ ಅಂತ ಹಾಕಬೇಕು ಅಂತಲೇ ತಂತಿಯ ಕಾಗದ ಕೈಗೆ ತೆಗೆದುಕೊಂಡಿದ್ದು. ಆಮೇಲೆ, ಸೀರಿಯಸ್ ಅಂದರೆ ನಿಮ್ಮ ಪ್ರಾಣ ಹಾರಿಹೋಗುತ್ತದೆ, ಮಾಲೂರಿನಿಂದ ಕೋಲಾರದವರೆಗೆ ಆ ಭಯ ಹೊತ್ತುಕೊಂಡು ಹೇಗೆ ಬರುತ್ತೀರಿ ಅನ್ನಿಸಿತು. ಆಗತಾನೆ ಆಸ್ಪತ್ರೆಯ ಬಾಗಿಲ ಮೇಲೆ ಲೇಬರ್ ಅನ್ನುವ ಪದ ನೋಡಿ ಬಂದಿದ್ದೆ. ಅವಳನ್ನು ಒಳಗೆ ಕರೆದುಕೊಂಡು ಹೋದ ಬಾಗಿಲು. ಅದನ್ನೇ ಹಾಕಿದೆ. ನಿಮ್ಮನ್ನು ಹೆದರಿಸಬಾರದು ಅಂತ ಆರಿಸಿದ ಮಾತು ಅದು.

ಸ್ಕೂಲು ತೆರೆದ ದಿನ ಹೆಡ್‌ಮೇಷ್ಟ್ರ ಕೋಣೆಯಲ್ಲಿರುವ ದೊಡ್ಡ ನಿಘಂಟು ತೆಗೆದು ನೋಡಿದೆ. ಅದೇಕೆ ನೋಡಿದೆನೋ, ಇನ್ನು ನೋಡಿ ಏನಾಗಬೇಕಿತ್ತೋ. ಮೊದಲನೆಯ ಅರ್ಥ ದುಡಿಮೆ, ಮೈಮುರಿದು ಪಡುವ ಶ್ರಮ. ಆಮೇಲೆ ದುಡಿಯುವ ಜನ, ನಿಮ್ಮ ಮ್ಯಾನೇಜರು ಕೂಗುವುದು ಅದನ್ನು. ಜೈಲಿನಲ್ಲಿ ಕಲ್ಲೊಡೆಸುವ ಶಿಕ್ಷೆಗೂ ಅದೇ ಮಾತು. ಬಿರುಗಾಳಿಯಲ್ಲಿ ಅಲೆಗೆ ಎದುರಾಗಿ ಏದುತ್ತಾ ಸಾಗುವ ಹಡಗಿಗೂ ಅದೇ. ಹೆರಿಗೆ ಬಂದಿದ್ದು ಎಲ್ಲಕ್ಕಿಂತ ಕೆಳಗೆ. ನೀವು ಹಿಡಿದ ಅರ್ಥ ತಪ್ಪಲ್ಲ ಬಾವ, ಅದೇ ಮೊದಲನೆಯದು.

ನಾನು ಸುಮ್ಮನೆ ನೋಡುತ್ತಿದ್ದೇನೆ ಅಂದುಕೊಂಡು ಹೆಡ್‌ಮೇಷ್ಟ್ರು ಬಳಕೆಯನ್ನೂ ವಿವರಿಸಿದರು. ಆ ಪದದ ಹಿಂದೆ "ಅಟ್" ಬಂದರೆ ದುಡಿಮೆಯಲ್ಲಿದ್ದಾಳೆ ಅಂತ, "ಇನ್" ಬಂದರೆ ಹೆರಿಗೆ ಅಂತ. "ಎರಡಕ್ಷರದ ಪದ ನೋಡಿ, ಎಷ್ಟು ಕೆಲಸ ಮಾಡುತ್ತೆ" ಅಂದು ನಕ್ಕರು. ನನಗೆ ಅಲ್ಲಿ ನಿಲ್ಲೋಕೆ ಆಗಲಿಲ್ಲ. ಆ ಎರಡಕ್ಷರದ ಮೇಲೆ ನನ್ನ ತಂಗಿಯನ್ನು ಹೊರಿಸಿ ನಿಮ್ಮ ಹತ್ತಿರ ಕಳಿಸಿದ್ದೆ. ಅಮ್ಮ ಅವತ್ತು "ನೊಪ್ಪುಲು, ನೋವು ಕಾಣಿಸಿಕೊಂಡಿದೆ" ಅಂದಳು, ಬೀದಿಯ ಜನವೆಲ್ಲ ಓಡಿ ಬಂದರು. ಯಾರೂ ಅರ್ಥ ಕೇಳಲಿಲ್ಲ.

ತಂತಿಯ ವಿಷಯ ಕೊಂಡಮ್ಮನಿಗೆ ಹೇಳಿದ್ದೇನೆ. ಪೂರ್ತಿ ಕೇಳಿದಳು. "ಹಾಗಾ" ಅಂದಳು. ನೀವು ಅವಳಿಗೆ ಬರೆಯಿರಿ. ಉತ್ತರ ಬರದಿದ್ದರೂ ಬರೆಯುವುದನ್ನು ಬಿಡಬೇಡಿ.

ನಿಮ್ಮ
ಅಶ್ವತ್ಥಪ್ಪ


ಮಾಲೂರು,
೧೦–೭–೧೯೩೮

ಕೊಂಡಮ್ಮ,

ನಿಮ್ಮಣ್ಣ ಬರಿ ಅಂದಿದ್ದಾರೆ. ಮೂರು ಸಲ ಬರೆದು ಹರಿದೆ.

ನನಗೆ ಗೊತ್ತಿರಲಿಲ್ಲ ಕಣೇ. ಹೆರಿಗೆ ಅಂತ ಗೊತ್ತಿದ್ದರೆ ಗೂಡು ಉರೀತಿದ್ದರೂ ಬಿಟ್ಟು ಬರ್ತಿದ್ದೆ. ಇದನ್ನು ನೀನು ನಂಬ್ತೀಯ ಅಂತ ನನಗೆ ಗೊತ್ತು, ನಂಬಿದರೂ ಏನೂ ಬದಲಾಗಲ್ಲ ಅಂತಲೂ ಗೊತ್ತು. ಇಲ್ಲಿ ಮಳೆ ಹಿಡಿದಿದೆ, ಹೆಂಚು ಒಣಗಲ್ಲ, ಅರ್ಧ ಜನರನ್ನು ಮನೆಗೆ ಕಳಿಸಿದ್ದಾರೆ. ಮುನ್ನೀ ಬೀ ನಮ್ಮ ಮನೆ ಕಡೆ ಬಂದರೆ ಒಳಗೆ ಬರದೆ ಬಾಗಿಲಲ್ಲೇ ಪಾತ್ರೆ ಇಟ್ಟು ಹೋಗ್ತಾರೆ.

ನೀನು ಬೈದು ಬರೆದರೂ ಸರಿ.

ಮುನಿನಾರಾಯಣಪ್ಪ


ಮಾಲೂರು,
೧೮–೯–೧೯೩೮

ಕೊಂಡಮ್ಮ,

ಹೋದ ವಾರ ಕೋಲಾರಕ್ಕೆ ಹೋಗಿದ್ದೆ. ಕಾರ್ಖಾನೆ ಕೆಲಸ ಅಂತ ಹೇಳಿ ಹೋದೆ, ಕೆಲಸ ಏನೂ ಇರಲಿಲ್ಲ. ಆಸ್ಪತ್ರೆಯಲ್ಲಿ ಆಯಾ ಒಬ್ಬಳನ್ನು ಕೇಳಿದೆ, ಮೇ ತಿಂಗಳಲ್ಲಿ ಶ್ರೀನಿವಾಸಪುರದ ಕಡೆಯವಳು, ಕೊಂಡಮ್ಮ ಅಂತ. "ಎಷ್ಟೊಂದು ಜನ ಬರ್ತಾರಪ್ಪ, ಯಾರನ್ನು ಅಂತ ನೆನಪಿಟ್ಟುಕೊಳ್ಳಲಿ" ಅಂದಳು. ನಿಮ್ಮಣ್ಣ ಹೇಳಿದ್ದ ಗುರುತು ಹಿಡಿದು ಊರಾಚೆ ಹೋದೆ. ಮಳೆಗೆ ನೆಲವೆಲ್ಲ ಒಂದೇ ಸಮವಾಗಿದೆ, ಹುಲ್ಲು ಬೆಳೆದಿದೆ. ಎಲ್ಲಿ ನಿಂತುಕೊಳ್ಳಬೇಕು ಅಂತ ಗೊತ್ತಾಗಲಿಲ್ಲ. ಅಲ್ಲಿ ಇಲ್ಲಿ ನಿಂತು ಬಂದೆ.

ನಾನು ಅವಳನ್ನು ನೋಡಲಿಲ್ಲ. ಕನಸಿಗೆ ಬರೋಕೂ ಒಂದು ಮುಖ ಬೇಕಲ್ಲ, ನನಗೆ ಅದೂ ಇಲ್ಲ. ನಿನಗೆ ಕಷ್ಟವಾಗುತ್ತೆ ಅಂತ ಗೊತ್ತು. ಆದರೂ ಕೇಳ್ತೀನಿ. ಹೇಗಿದ್ದಳು? ಏನು ಹೆಸರಿಟ್ಟೆ?

ಮುನಿನಾರಾಯಣಪ್ಪ


ಶ್ರೀನಿವಾಸಪುರ,
೨೦–೧೧–೧೯೩೮

ನಿಮಗೆ,

ನೀವು ಬರೆದ ಕಾಗದಗಳನ್ನೆಲ್ಲ ಓದಿದೆ. ಉತ್ತರ ಬರೆಯಲಿಲ್ಲ. ಯಾಕೆ ಅಂತ ಈಗ ಹೇಳ್ತೀನಿ.

ತಂತಿಯ ವಿಷಯ ಅಣ್ಣ ಹೇಳಿದ ದಿನ ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಅದಕ್ಕೆ ಮೊದಲು ಸಿಟ್ಟು ಮಾಡಿಕೊಳ್ಳೋಕೆ ನೀವಾದರೂ ಇದ್ದಿರಿ. ಆಮೇಲೆ ಯಾರೂ ಇಲ್ಲದ ಹಾಗಾಯಿತು. ಅಣ್ಣನನ್ನು ನೋಡಿದರೆ ಪಾಪ ಅನ್ನಿಸುತ್ತೆ. ಮೊದಲೆಲ್ಲ ಜಗಲಿ ಮೇಲೆ ಕೂತು ಇಂಗ್ಲಿಷ್ ಪುಸ್ತಕ ಜೋರಾಗಿ ಓದ್ತಿದ್ದ. ಈಗ ಓದಲ್ಲ.

ತಂತಿ ಇಂಗ್ಲಿಷಿನಲ್ಲಿತ್ತು, ನಿಮಗೆ ತಿಳಿಯಲಿಲ್ಲ, ಒಪ್ಪಿದೆ. ನೀವು ಅಣ್ಣನಿಗೆ ಬರೆದ ಕಾಗದ ಕನ್ನಡದಲ್ಲಿತ್ತು. ಅದು ನನಗೆ ಚೆನ್ನಾಗಿ ತಿಳಿಯಿತು. ನಾನು ನಿಜವಾಗಿ ತೋಪಿನಲ್ಲಿ ಕೂಲಿ ಮಾಡ್ತಿದ್ದರೂ, ಬರಲ್ಲ ಅಂತ ಬರೆಯೋಕೆ ನಿಮಗೆ ಹೇಗೆ ಮನಸ್ಸು ಬಂತು? ಇಷ್ಟು ತಿಂಗಳು ನಾನು ಕೇಳಿಕೊಂಡಿದ್ದು ಇದನ್ನೇ. ನಿಮಗೆ ಉತ್ತರ ಗೊತ್ತಿದ್ದರೆ ಬರೀಬೇಡಿ, ಇಟ್ಟುಕೊಳ್ಳಿ.

ನಾನೂ ಒಂದು ಮಾತು ಇಟ್ಟುಕೊಂಡಿದ್ದೀನಿ. ನೋವು ಬರೋ ಹಿಂದಿನ ದಿನವೂ ನಾನು ತೋಪಿಗೆ ಹೋಗಿದ್ದೆ. ಅದರಿಂದಲೇ ಹೀಗಾಯಿತಾ ಅಂತ ಲೇಡಿ ಡಾಕ್ಟರನ್ನು ಕೇಳಿದೆ. "ಇಲ್ಲಮ್ಮ, ಕೆಲವು ಮಕ್ಕಳು ಹಾಗೇ ಬೇಗ ಬರ್ತವೆ" ಅಂದರು. ಅವರು ಒಳ್ಳೆಯವರು. ಒಳ್ಳೆಯವರು ಹೇಳಿದ್ದು ನಿಜವೋ, ಸಮಾಧಾನಕ್ಕೋ, ಹೇಗೆ ತಿಳಿಯೋದು?

ಲೇಬರ್ ಅಂದರೆ ಏನೇನು ಅಂತ ಅಣ್ಣ ಪುಸ್ತಕ ನೋಡಿ ಹೇಳಿದ. ನಾನು ಮಣ್ಣು ಹೊತ್ತಿದ್ದೀನಿ, ನಾಟಿ ಮಾಡಿದ್ದೀನಿ, ಬಾವಿಯಿಂದ ನೀರು ಸೇದಿದ್ದೀನಿ. ಇದೂ ಕೆಲಸವೇ. ಎಲ್ಲದಕ್ಕಿಂತ ದೊಡ್ಡದು. ಆ ಮಾತು ಇಟ್ಟವರು ಯಾರೋ ಹೆತ್ತವರೇ ಇರಬೇಕು. ಬೇರೆ ಕೆಲಸ ಮಧ್ಯದಲ್ಲಿ ಬಿಟ್ಟು ಕೂರಬಹುದು, ಇದನ್ನು ಬಿಡೋಕಾಗಲ್ಲ, ಅಷ್ಟೇ ವ್ಯತ್ಯಾಸ. ಮಾಡಿ ಮುಗಿಸಿದೆ. ಸರಿಯಾಗೇ ಮಾಡಿದೆ ಅಂತ ಡಾಕ್ಟರು ಬೆನ್ನು ತಟ್ಟಿದರು. ಊರಿಗೆ ಬಂದ ಮೇಲೂ ಹಾಲು ನಿಲ್ಲಲಿಲ್ಲ. ಬತ್ತಲಿ ಅಂತ ಅಮ್ಮ ಎದೆಗೆ ಮಲ್ಲಿಗೆ ಮೊಗ್ಗು ಕಟ್ಟಿದಳು. ಬೀದಿಯಲ್ಲಿ ಹೂ ಮಾರುವವಳು ಬಂದರೆ ಈಗಲೂ ನಾನು ಹಿತ್ತಲಿಗೆ ಹೋಗಿಬಿಡ್ತೀನಿ.

ಅವಳಿಗೆ ಹೆಸರಿಡಲಿಲ್ಲ. ನೀವು ಬರಲಿ ಅಂತ ಇಟ್ಟಿರಲಿಲ್ಲ. ಆಸ್ಪತ್ರೆಯ ಕಿಟಕಿಗೆ ರೈಲಿನ ಕೂಗು ಕೇಳ್ತಿತ್ತು. ಕೂಗಿದಾಗಲೆಲ್ಲ "ಇಗೋ ನಿಮ್ಮಪ್ಪ ಬಂದ" ಅಂತ ಅವಳಿಗೆ ಹೇಳಿದೆ. ಅವಳು ಬಾಯಿ ಚೂಪು ಮಾಡಿ ಕೇಳಿಸಿಕೊಳ್ತಿದ್ದಳು. ಹಾಗೆ ಹೇಳಬಾರದಿತ್ತು ಅಂತ ಆಮೇಲೆ ಅನ್ನಿಸಿತು. ಆದರೆ ನಂಬಿ ಹೇಳಿದ್ದು, ಸುಳ್ಳಾಡಲಿಲ್ಲ.

ಹೇಗಿದ್ದಳು ಅಂತ ಕೇಳಿದ್ದೀರಿ. ಇಲ್ಲಿ ಯಾರೂ ಕೇಳಲಿಲ್ಲ. ಮರೆತುಬಿಡು, ಮುಂದೆ ಆಗುತ್ತೆ ಅಂತಾರೆ. ಅಮ್ಮ ಕೂಡ ಹಾಗೇ ಅಂತಾಳೆ, ಅಂದು ಒಲೆ ಹತ್ತಿರ ಹೋಗಿ ಅಳ್ತಾಳೆ. ಕೇಳಿದವರು ನೀವೊಬ್ಬರೇ. ಆ ಕಾಗದ ಬಂದ ಮೇಲೆ ನಿಮ್ಮ ಹತ್ತಿರ ಬರಬಹುದು ಅನ್ನಿಸಿತು. ಅನ್ನಿಸಿ ಎರಡು ತಿಂಗಳಾಯಿತು. ಕಾಲು ಬರಲಿಲ್ಲ. ಈಗ ಬರ್ತಿದೆ.

ಶುಕ್ರವಾರ ಅಣ್ಣ ಕರೆದುಕೊಂಡು ಬರ್ತಾನೆ. ಅವನ ಹತ್ತಿರ ತಂತಿಯ ಮಾತು ಎತ್ತಬೇಡಿ. ನಾನು ಮತ್ತೆ ಕಾರ್ಖಾನೆಗೆ ಬರ್ತೀನಿ, ಮಣ್ಣು ಹೊರ್ತೀನಿ. ಮನೆಯಲ್ಲಿ ಕೈ ಕಟ್ಟಿ ಕೂರೋಕೆ ನನ್ನಿಂದ ಆಗಲ್ಲ. ಬೇಡ ಅನ್ನಬೇಡಿ, ಮುಖ ತಿರುಗಿಸಬೇಡಿ. "ಬೇಗ, ಬೇಗ" ಅನ್ನಬೇಕಾದಾಗ ನನಗೂ ಅನ್ನಿ.

ಅವಳ ವಿಷಯ ಕಾಗದದಲ್ಲಿ ಬರೆಯೋಕೆ ಆಗಲ್ಲ, ಬಾಯಲ್ಲಿ ಹೇಳ್ತೀನಿ. ಬಂದ ದಿನವೇ ಕೇಳಬೇಡಿ. ಆದರೆ ಕೇಳದೇನೂ ಇರಬೇಡಿ.

ಕೊಂಡಮ್ಮ